ಪೆಟ್ಟಿಗೆ ಅವಳದ್ದೇ, ಅಳು ತವರಿಗಾಗಿ

ಪ್ರಶ್ನೆ: ಟರ್ಕಿಯಲ್ಲಿ ಮದುಮಗಳ ಜೊತೆ ಕಳಿಸುವ ಮರದ ಪೆಟ್ಟಿಗೆ ವರದಕ್ಷಿಣೆಯೇ? ಅಲ್ಲಿನ ಮದುವೆ ಹಾಡುಗಳಲ್ಲಿ ಅಷ್ಟೊಂದು ಅಳು ಯಾಕೆ?

ಉತ್ತರ: ವರದಕ್ಷಿಣೆ ಅಲ್ಲ. ‘ಚೆಯಿಜ್’ ಅಂದರೆ ಹುಡುಗಿ ಜೊತೆಗೆ ಒಯ್ಯುವ ಅವಳದ್ದೇ ಸಾಮಾನು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹಣ ಕೊಡುವ ಹಳೇ ಪದ್ಧತಿಗೆ ‘ಬಾಶ್ಲಿಕ್’ ಅಂತಾರೆ, ಅದು ಬೇರೆ.

ಪೆಟ್ಟಿಗೆ ಹೆಚ್ಚಾಗಿ ಅಕ್ರೋಟು ಮರದ್ದು. ಒಳಗೆ ಹಾಸು ಬಟ್ಟೆ, ದಿಂಬಿನ ಗೌಸು, ಟವಲು, ತಲೆವಸ್ತ್ರ. ಬಹಳಷ್ಟು ಹುಡುಗಿಯೂ ತಾಯಿಯೂ ವರ್ಷಗಟ್ಟಲೆ ಕೂತು ಮಾಡಿದ್ದು. ತಲೆವಸ್ತ್ರದ ಅಂಚನ್ನು ಹತ್ತಿರದಿಂದ ನೋಡಬೇಕು. ಬರೀ ಸೂಜಿ, ದಾರದಲ್ಲಿ ಗಂಟು ಹಾಕುತ್ತಾ ಪುಟ್ಟ ಪುಟ್ಟ ಹೂವು, ಮೆಣಸಿನಕಾಯಿ ಮೂಡಿಸುತ್ತಾರೆ. ಇದೇ ‘ಓಯಾ’. ಗಂಡನ ಮೇಲೆ ಮುನಿಸಿದ್ದರೆ ಸೊಸೆ ಮೆಣಸಿನಕಾಯಿ ಅಂಚಿನದನ್ನು ಕಟ್ಟಿಕೊಳ್ಳುತ್ತಿದ್ದಳಂತೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳೋಕೆ ಎಂಥ ದಾರಿ, ಅಲ್ವಾ?

ಪೆಟ್ಟಿಗೆ ಎತ್ತುವ ಹೊತ್ತಿಗೆ ಹುಡುಗಿಯ ತಮ್ಮನೋ ಅಣ್ಣನೋ ಅದರ ಮೇಲೆ ಕೂತುಬಿಡುತ್ತಾನೆ. ಗಂಡಿನ ಕಡೆಯವರು ಕೈಗೆ ದುಡ್ಡು ಇಟ್ಟರೇನೇ ಏಳೋದು.

ಇನ್ನು ಅಳು. ಮದುವೆಯ ಹಿಂದಿನ ರಾತ್ರಿ ಮದರಂಗಿ ಶಾಸ್ತ್ರ, ‘ಕಿನಾ ಗೆಜೆಸಿ’. ಹುಡುಗಿ ಕೆಂಪು ಮುಸುಕು ಹೊದ್ದು ಕೂರುತ್ತಾಳೆ. ಹೆಂಗಸರು ಸುತ್ತ ಹಾಡುತ್ತಾರೆ, ಅವಳು ಅಳಲಿ ಅಂತಲೇ ಹಾಡುತ್ತಾರೆ. ಹುಡುಗಿ ಬಿಗಿಹಿಡಿದ ಮುಷ್ಟಿ ಬಿಚ್ಚಬೇಕಾದರೆ ಅತ್ತೆ ಅಂಗೈಗೆ ಚಿನ್ನದ ನಾಣ್ಯ ಇಡಬೇಕು. ಆಮೇಲೆ ಅದೇ ಅಂಗೈಗೆ ಮದರಂಗಿ.

ಆ ರಾತ್ರಿ ಹಾಡುವ ಒಂದು ಪದದಲ್ಲಿ ಹುಡುಗಿ ಹೊಸ್ತಿಲು ದಾಟಿ ಹೋಗಿದ್ದಾಳೆ, ಊಟದ ಜಾಗದಲ್ಲಿ ಅವಳ ಚಮಚ ಉಳಿದಿದೆ. ಪೆಟ್ಟಿಗೆಯಲ್ಲಿ ಎಷ್ಟೆಲ್ಲ ತುಂಬಿದರು, ತಾಯಿಯ ಕಣ್ಣು ಮಾತ್ರ ಆ ಒಂದು ಚಮಚದ ಮೇಲೆ. ನನಗೆ ಅಲ್ಲಿಗೇ ಗಂಟಲು ಕಟ್ಟುತ್ತದೆ.

ಇಂಥ ಹಾಡುಗಳಲ್ಲಿ ತೆಕಿರ್ದಾಗ್ ಪ್ರಾಂತ್ಯದ ಮಲ್ಕರಾದ ‘ಯುಕ್ಸೆಕ್ ಯುಕ್ಸೆಕ್ ತೆಪೆಲೆರೆ’ (ಎತ್ತರೆತ್ತರದ ಬೆಟ್ಟಗಳಿಗೆ) ಎಲ್ಲಕ್ಕಿಂತ ಹೆಸರಾದದ್ದು. ದೂರದೂರಿಗೆ ಹೆಣ್ಣು ಕೊಡಬೇಡಿ ಅಂತ ಶುರುವಾಗುತ್ತದೆ. ಮುಂದೆ ಹುಡುಗಿಯೇ ಹಂಬಲಿಸುತ್ತಾಳೆ: ಅಪ್ಪನಿಗೊಂದು ಕುದುರೆಯಿದ್ದು ಹತ್ತಿ ಬರಬಾರದೇ, ಅಮ್ಮನಿಗೊಂದು ಹಾಯಿಯಿದ್ದು ಬಿಚ್ಚಿ ಬರಬಾರದೇ, ಒಡಹುಟ್ಟಿದವರಿಗೆ ನನ್ನ ದಾರಿ ಗೊತ್ತಿದ್ದು ಬರಬಾರದೇ. ಕರೆದೊಯ್ಯಿರಿ ಅಂತ ಎಲ್ಲೂ ಕೇಳುವುದಿಲ್ಲ, ಬಂದರೆ ಸಾಕು. ಹಾಡು ಹುಡುಕುವಾಗ ದೊಡ್ಡ ವಾದ್ಯಮೇಳದ್ದನ್ನು ಬಿಡಿ. ಹೆಂಗಸರು ಸುಮ್ನೆ ತಮಟೆಯಂಥ ‘ದೆಫ್’ ತಟ್ಟಿಕೊಂಡು ಹಾಡಿದ್ದನ್ನು ಕೇಳಿ.