ಕಾಲುವೆ ತುಂಬಿರುವುದು ನಿಂತ ದೋಣಿಗಳಿಂದ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ ಹೀಗಿದೆ: 1980ರ ದಶಕದ ಕೊನೆಯಲ್ಲಿ, ಆಸ್ಪತ್ರೆಯ ನೌಕರಿಗೆಂದು ಆ ದೇಶಕ್ಕೆ ಹೋದ ಹೊಸದರಲ್ಲಿ, ಅವರು ಸಂಸಾರಸಮೇತ ಒಂದು ವಾರ ನ್ಯಾರೋಬೋಟ್ (ಒಳಗೇ ವಾಸಿಸಬಹುದಾದ, ಉದ್ದನೆಯ ಕಿರಿದಾದ ದೋಣಿ) ಬಾಡಿಗೆ ಹಿಡಿದು ಗ್ರ್ಯಾಂಡ್ ಯೂನಿಯನ್ ಕಾಲುವೆಯ ಲೆಸ್ಟರ್ ಶಾಖೆಯಲ್ಲಿ ವಿಹರಿಸಿದ್ದರು. 2023ರ ಆಗಸ್ಟ್‌ನಲ್ಲಿ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಅದೇ ದಾರಿಯಲ್ಲಿ ಮತ್ತೆ ಹೋದಾಗ ಫಾಕ್ಸ್‌ಟನ್ ಲಾಕುಗಳ (ನೀರು ತುಂಬಿಸಿ, ಬಸಿದು ದೋಣಿಯನ್ನು ಏರಿಸಿ ಇಳಿಸುವ, ಎರಡೂ ಕಡೆ ಗೇಟಿರುವ ತೊಟ್ಟಿಗಳ) ಬಳಿ ಗಂಟೆಗಟ್ಟಲೆ ಸರದಿಯಲ್ಲಿ ಕಾಯಬೇಕಾಯಿತು, ಸಂಜೆ ದೋಣಿ ಕಟ್ಟಲು ಜಾಗ ಸಿಗಲಿಲ್ಲ, ದಂಡೆಗೆ ಕಟ್ಟಿದ ದೋಣಿಗಳ ಕಿಟಕಿಗಳಿಂದ ‘ನಿಧಾನ, ನಿಧಾನ’ ಎಂಬ ಗದರಿಕೆ ಕೇಳಿಸಿಕೊಳ್ಳುತ್ತಲೇ ಸಾಗಬೇಕಾಯಿತು. ಜನಪ್ರಿಯತೆಯೇ ಈ ಕಾಲುವೆಗಳನ್ನು ಕೆಡಿಸಿತೆ, ದೋಣಿಗಳ ಸಂಖ್ಯೆಗೆ ಮಿತಿ ಹಾಕಬಾರದೆ, ವಿಹಾರದ ಜಾಗದಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರನ್ನು ತೆರವುಗೊಳಿಸಬಾರದೆ ಎಂದು ಅವರು ಕೇಳಿದ್ದಾರೆ. ಮೊಮ್ಮಕ್ಕಳು ಮತ್ತೆ ಹೋಗೋಣವೆಂದು ಹಟ ಹಿಡಿದಿರುವುದರಿಂದ ಮುಂದಿನ ಸಲ ಎಲ್ಲಿಗೆ ಹೋಗುವುದು ಸೂಕ್ತ ಎಂಬ ಪ್ರಶ್ನೆಯೂ ಪತ್ರದ ಕೊನೆಯಲ್ಲಿದೆ.

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಬೇಸರ ಸಕಾರಣವಾದದ್ದು. ಆದರೆ ನೀವು ಕಂಡ ದಟ್ಟಣೆಗೆ ನೀವು ಹೇಳುವ ಕಾರಣವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ನಿಮ್ಮ ಎರಡು ಪ್ರವಾಸಗಳ ನಡುವಿನ ಅವಧಿಯಲ್ಲಿ ಕಾಲುವೆಯ ಮೇಲೆ ಹೆಚ್ಚಿದ್ದು ಮುಖ್ಯವಾಗಿ ದಂಡೆಯಲ್ಲಿ ನಿಂತ ದೋಣಿಗಳು. ಸಾಗುವ ದೋಣಿಗಳು ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಮಿತಿಯ ಮಾತನ್ನಾಡಿದರೆ ಪರಿಹಾರ ತಪ್ಪುವ ಸಂಭವವೇ ಹೆಚ್ಚು.

ಜನಪ್ರಿಯತೆ ಇಲ್ಲದಿದ್ದ ಕಾಲದಲ್ಲಿ ಈ ಕಾಲುವೆಗಳ ಗತಿ ಏನಾಗಿತ್ತು ಎಂಬುದರಿಂದ ಆರಂಭಿಸಬೇಕು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನತ್ತ ಕಲ್ಲಿದ್ದಲು ಸಾಗಿಸತೊಡಗಿದ ಮೇಲೆ ದೇಶದುದ್ದಕ್ಕೂ ಹಬ್ಬಿದ ಈ ಜಾಲ ರೈಲಿನ ಎದುರು, ಆಮೇಲೆ ಲಾರಿಯ ಎದುರು ಸೊರಗುತ್ತ ಬಂತು. 1948ರಲ್ಲಿ ಸರ್ಕಾರ ಅದರ ಬಹುಪಾಲನ್ನು ರಾಷ್ಟ್ರೀಕರಣ ಮಾಡಿಕೊಂಡಾಗಲೇ ಅನೇಕ ಕಾಲುವೆಗಳು ಹೂಳು ತುಂಬಿ, ಜೊಂಡು ಬೆಳೆದು, ಊರಿನ ಕಸದ ಗುಂಡಿಗಳಾಗಿದ್ದವು. 1962-63ರ ಭೀಕರ ಚಳಿಗಾಲದಲ್ಲಿ ವಾರಗಟ್ಟಲೆ ಹೆಪ್ಪುಗಟ್ಟಿದ ನೀರು ಅಳಿದುಳಿದ ಸರಕು ಸಾಗಣೆಯ ದೋಣಿಗಳ ಕಸುಬನ್ನೂ ಹೆಚ್ಚುಕಡಿಮೆ ಮುಗಿಸಿತು. ಸರಕಿಲ್ಲದ ಕಾಲುವೆಯನ್ನು ಮುಚ್ಚಿ ಮಣ್ಣು ತುಂಬಿಸುವುದೇ ಮಿತವ್ಯಯದ ದಾರಿ ಎಂಬ ವಾದ ಆಗ ಸರ್ಕಾರಿ ಕಚೇರಿಗಳಲ್ಲಿ ಸಹಜವಾಗಿ ಓಡಾಡುತ್ತಿತ್ತು.

ಅದಕ್ಕೆ ಅಡ್ಡ ನಿಂತವರು ವಿಹಾರಿಗಳು. 1939ರಲ್ಲಿ ಬ್ಯಾನ್‌ಬರಿಯಿಂದ ‘ಕ್ರೆಸಿ’ ಎಂಬ ದೋಣಿಯಲ್ಲಿ ಹೊರಟ ಎಲ್.ಟಿ.ಸಿ. ರೋಲ್ಟ್ ತಮ್ಮ ಪಯಣದ ಬಗ್ಗೆ 1944ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಓದಿ ರಾಬರ್ಟ್ ಐಕ್‌ಮನ್ ಎಂಬ ಲೇಖಕರು ರೋಲ್ಟರನ್ನು ಸಂಪರ್ಕಿಸಿದರು. 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಎಂಬ, ಕಾಲುವೆಗಳನ್ನು ಉಳಿಸಲು ಹೊರಟ ಸಂಘ ಹುಟ್ಟಿತು. ಬಳಸುವವರೇ ಇಲ್ಲವೆಂಬ ಕಾರಣಕ್ಕೆ ಕಾಲುವೆ ಮುಚ್ಚುವುದಾದರೆ ಬಳಸಿ ತೋರಿಸಿಯೇ ಅದನ್ನು ಉಳಿಸಬೇಕೆಂಬುದು ಅವರ ಸರಳ ತಂತ್ರವಾಗಿತ್ತು. 1950ರಲ್ಲಿ ನಿಮ್ಮ ದಾರಿಯಲ್ಲೇ ಇರುವ ಮಾರ್ಕೆಟ್ ಹಾರ್ಬರಾದಲ್ಲಿ ಅವರು ದೋಣಿಗಳ ಉತ್ಸವ ನಡೆಸಿದ್ದೂ ಅದಕ್ಕಾಗಿಯೇ. ಮುಚ್ಚುವ ಪಟ್ಟಿಗೆ ಸೇರಲಿದ್ದ ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗವನ್ನು ಸ್ವಯಂಸೇವಕರು, ಸೈನಿಕರು, ಕೈದಿಗಳು ಕೂಡಿ ಅಗೆದು 1964ರಲ್ಲಿ ಮತ್ತೆ ತೆರೆದರು. 1968ರ ಸಾರಿಗೆ ಕಾಯ್ದೆ ಕೆಲವು ಕಾಲುವೆಗಳನ್ನು ವಿಹಾರಕ್ಕಾಗಿಯೇ ಕಾಯ್ದುಕೊಳ್ಳಬೇಕೆಂದು ಮೊದಲ ಬಾರಿಗೆ ಬರೆದಿಟ್ಟಿತು. ಆಮೇಲೆ 1974ರಲ್ಲಿ ಆಶ್ಟನ್, 1990ರಲ್ಲಿ ಕೆನೆಟ್–ಏವನ್, 2001ರಲ್ಲಿ ಹಡರ್ಸ್‌ಫೀಲ್ಡ್ ನ್ಯಾರೋ, 2002ರಲ್ಲಿ ರಾಚ್‌ಡೇಲ್ ಕಾಲುವೆಗಳು ಪುನಃ ತೆರೆದವು. ನೀವು ಮೊದಲ ಸಲ ದೋಣಿ ಏರಿದಾಗ ಅನುಭವಿಸಿದ ನೆಮ್ಮದಿ ಕೂಡ ಅದಕ್ಕೂ ಹಿಂದಿನ ಮೂರು ನಾಲ್ಕು ದಶಕಗಳ ಜನಪ್ರಿಯತೆಯ ಫಲವೇ ಆಗಿತ್ತು.

ಇನ್ನು ನಿಮ್ಮ ಫಾಕ್ಸ್‌ಟನ್ ವಿಷಯ. ಅಲ್ಲಿನ ದಟ್ಟಣೆಗೆ ಜನಸಂದಣಿಗಿಂತ ಎರಡು ಶತಮಾನ ಹಳೆಯ ಕಟ್ಟೋಣವೇ ಹೆಚ್ಚು ಹೊಣೆ. 1814ರಲ್ಲಿ ಸಂಚಾರಕ್ಕೆ ತೆರೆದ ಈ ತಾಣದಲ್ಲಿ ಹತ್ತು ಲಾಕುಗಳು ಐದೈದರ ಎರಡು ಗುಂಪುಗಳಾಗಿ ಒಂದಕ್ಕೊಂದು ಅಂಟಿಕೊಂಡು ದೋಣಿಯನ್ನು 23 ಮೀಟರಿನಷ್ಟು ಮೇಲೆತ್ತುತ್ತವೆ. ಒಂದು ಲಾಕಿನ ಮೇಲ್ಗೇಟೇ ಮುಂದಿನದರ ಕೆಳಗೇಟು. ಏರುವ ದೋಣಿ ಇಳಿಯುವ ದೋಣಿಗೆ ದಾರಿ ಬಿಡಬಹುದಾದ ಜಾಗ ಇರುವುದು ನಡುವೆ ಒಂದೇ ಕಡೆ. ಲಾಕಿನ ಅಗಲ ಸುಮಾರು ಏಳು ಅಡಿ, ದೋಣಿಯ ಅಗಲ ಅದಕ್ಕಿಂತ ತುಸು ಕಡಿಮೆ. ಆದ್ದರಿಂದ ಎರಡು ದೋಣಿಗಳನ್ನು ಒಟ್ಟಿಗೆ ಒಳಬಿಡುವ ಮಾತೇ ಇಲ್ಲ. ಈ ಇಕ್ಕಟ್ಟು ಸರಕಿನ ಕಾಲದವರನ್ನೂ ಕಾಡಿದ್ದರಿಂದಲೇ 1900ರಲ್ಲಿ ಪಕ್ಕದ ಇಳಿಜಾರಿನಲ್ಲಿ ದೋಣಿಗಳನ್ನು ತೊಟ್ಟಿಯಲ್ಲಿಟ್ಟು ಎಳೆಯುವ ಯಂತ್ರ ಹೂಡಿದರು. ಖರ್ಚು ಗಿಟ್ಟದೆ ಹತ್ತು ಹನ್ನೆರಡು ವರ್ಷದೊಳಗೆ ಅದು ನಿಂತಿತು. ನೀವು ಕಾದಿದ್ದು ಯಾವುದೇ ಬೇಸಿಗೆಯಲ್ಲಿ ಯಾರಾದರೂ ಕಾಯಬೇಕಾದ ಕಡೆ. ಲಾಕಿನ ದಂಡೆಯಲ್ಲಿ ಐಸ್‌ಕ್ರೀಮ್ ಹಿಡಿದು ನಿಮ್ಮ ಪಾಡು ನೋಡುತ್ತಿದ್ದ ಜನಜಂಗುಳಿಯ ಬಗ್ಗೆಯೂ ನೀವು ಮುನಿದಿದ್ದೀರಿ. ಅವರಿಂದ ದೋಣಿಯ ಓಟಕ್ಕೇನೂ ಅಡ್ಡಿಯಿಲ್ಲ, ಗೇಟು ತಳ್ಳಲು ಕೈಜೋಡಿಸುವವರೂ ಅವರಲ್ಲೇ ಸಿಗುತ್ತಾರೆ.

ನಿಜವಾಗಿ ಬದಲಾಗಿರುವುದು ದಂಡೆ. ನೀವು ಮೊದಲು ಹೋದಾಗ ಬೇಸಿಗೆಯಲ್ಲಿ ಎದುರಾಗುತ್ತಿದ್ದ ದೋಣಿಗಳಲ್ಲಿ ದೊಡ್ಡ ಪಾಲು ಬಾಡಿಗೆಯವು. ಶನಿವಾರ ಹೊರಟು ಮುಂದಿನ ಶನಿವಾರ ಮರಳಬೇಕಾದ್ದರಿಂದ ಅವು ದಿನವಿಡೀ ಓಡುತ್ತಿದ್ದವು. ಆಮೇಲೆ ಬಾಡಿಗೆ ದೋಣಿಗಳು ಕಡಿಮೆಯಾಗುತ್ತ, ಸ್ವಂತ ದೋಣಿಗಳು ಹೆಚ್ಚುತ್ತ ಬಂದವು. ನಿವೃತ್ತಿಯ ಹಣದಲ್ಲಿ ಉಕ್ಕಿನ ನ್ಯಾರೋಬೋಟ್ ಕೊಂಡವರು, 2000ದ ನಂತರ ಹೊಲಗಳ ನಡುವೆ ಅಗೆದ ಮರೀನಾಗಳಲ್ಲಿ, ಅಂದರೆ ದೋಣಿ ನಿಲ್ದಾಣಗಳಲ್ಲಿ, ಅದನ್ನು ಕಟ್ಟಿಟ್ಟು ವರ್ಷದಲ್ಲಿ ಕೆಲವೇ ವಾರ ಬಿಚ್ಚುವವರು ಹೆಚ್ಚಾದರು. 2014ರಿಂದ ಚಾನೆಲ್ 4ರಲ್ಲಿ ನಟದಂಪತಿ ಟಿಮತಿ ವೆಸ್ಟ್ ಮತ್ತು ಪ್ರುನೆಲಾ ಸ್ಕೇಲ್ಸ್ ದೋಣಿಯಲ್ಲಿ ಸುತ್ತುವ ಸರಣಿ ಪ್ರಸಾರವಾದ ಮೇಲೆ ಈ ಆಸೆ ಮನೆಮನೆಗೂ ಹಬ್ಬಿತು. 2020–21ರಲ್ಲಿ ವಿದೇಶ ಪ್ರವಾಸಕ್ಕೆ ತಡೆ ಬಿದ್ದಾಗ ಬಾಡಿಗೆ ದೋಣಿಗಳಿಗೂ ಸ್ವಲ್ಪ ಕಾಲ ಹಿಂದಿನ ಸುಗ್ಗಿ ಮರಳಿತ್ತು. ಇಂದು ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 3,200 ಕಿಲೋಮೀಟರ್ ಜಲಮಾರ್ಗವನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಬಳಿ ಪರವಾನಗಿ ಪಡೆದ ದೋಣಿಗಳು ಸುಮಾರು 35,000. ಕೈಗಾರಿಕಾ ಕ್ರಾಂತಿಯ ಉಚ್ಛ್ರಾಯದಲ್ಲಿ ಇದ್ದವುಗಳಿಗಿಂತ ಇದು ಹೆಚ್ಚು ಎಂದು ಟ್ರಸ್ಟ್ ಹೇಳುತ್ತದೆ. ಸರಕಿನ ದೋಣಿ ನಿಂತರೆ ಅದರ ಒಡೆಯನಿಗೆ ನಷ್ಟ. ಇಂದಿನ ದೋಣಿ ನಿಂತೇ ಇದ್ದರೂ ಯಾರಿಗೂ ನಷ್ಟವಿಲ್ಲ. ಆ ಕಾಲದ ಸಂಖ್ಯೆಯನ್ನೂ ಈ ಕಾಲದ ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿಟ್ಟು ಹೆಮ್ಮೆಪಡುವುದು ನಮಗೆ ಸರಿಕಾಣದು.

ನಿಂತ ದೋಣಿಗಳ ಪರಿಣಾಮ ಸಾಗುವ ದೋಣಿಯ ಮೇಲೆ ನೇರವಾಗಿ ಆಗುತ್ತದೆ. ಕಾಲುವೆಯಲ್ಲಿ ಗರಿಷ್ಠ ವೇಗ ಗಂಟೆಗೆ ನಾಲ್ಕು ಮೈಲಿ. ಆದರೆ ಕಟ್ಟಿದ ದೋಣಿಯ ಪಕ್ಕ ಹಾಯುವಾಗ ಎಂಜಿನ್ನನ್ನು ಅತ್ಯಂತ ಮೆಲ್ಲನೆ ಓಡಿಸಬೇಕು, ಇಲ್ಲದಿದ್ದರೆ ನೀರಿನ ಸೆಳೆತಕ್ಕೆ ಆ ದೋಣಿ ಹಗ್ಗ ಜಗ್ಗಿ, ನೆಲಕ್ಕೆ ಹೊಡೆದ ಗೂಟವೇ ಕಿತ್ತುಬರಬಹುದು. ಒಳಗೆ ಒಲೆಯ ಮೇಲೆ ಹಾಲಿಟ್ಟವರ ಪಾಡನ್ನು ನೆನೆದರೆ ಆ ಗದರಿಕೆ ಅಷ್ಟು ಅನ್ಯಾಯವೆನಿಸದು. ಅರ್ಧ ಮೈಲಿ ಉದ್ದದ ದೋಣಿಸಾಲು ಎದುರಾದರೆ ನಿಮ್ಮ ದಿನದ ಲೆಕ್ಕಾಚಾರವೇ ತಲೆಕೆಳಗಾಗುವುದಂತೂ ನಿಜ.

ಮನೆ ಹೂಡಿದವರ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಬಿರುಸಾದ ಮಾತುಗಳಿರುವುದು ಇಲ್ಲೇ, ನಮ್ಮ ಭಿನ್ನಾಭಿಪ್ರಾಯವೂ ಇಲ್ಲೇ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ದೋಣಿಗೆ ಒಂದು ಖಾಯಂ ನಿಲುಗಡೆ ಇರಬೇಕು, ಇಲ್ಲವೇ ಅದು ಯಾವುದೇ ಒಂದು ಸ್ಥಳದಲ್ಲಿ ಎಡೆಬಿಡದೆ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಪ್ರಾಮಾಣಿಕವಾಗಿ ಸಂಚರಿಸುತ್ತಿರಬೇಕು. ಕನಿಷ್ಠ ಎಷ್ಟು ದೂರ ಸಾಗಬೇಕೆಂದು ಕಾಯ್ದೆ ಹೇಳಲಿಲ್ಲ. ಊರೂರು ಅಲೆಯುವ ಕೆಲವೇ ಮಂದಿಗೆಂದು ಬಿಟ್ಟಿದ್ದ ಈ ಕಿಂಡಿಯ ಮೂಲಕ, ಲಂಡನ್ನಿನ ಮನೆಬಾಡಿಗೆ ಕೈಗೆಟುಕದಾದಾಗ, ಸಾವಿರಾರು ಜನ ನೀರಿಗಿಳಿದರು. ರೀಜೆಂಟ್ಸ್ ಕಾಲುವೆಯ ಹ್ಯಾಕ್ನಿ, ಇಸ್ಲಿಂಗ್ಟನ್ ಭಾಗಗಳಲ್ಲಿ ದೋಣಿಗಳನ್ನು ಪಕ್ಕಪಕ್ಕಕ್ಕೆ ಜೋಡಿಯಾಗಿ ಕಟ್ಟುವುದು ರೂಢಿಯಾಯಿತು. ಲಂಡನ್ನಿನಲ್ಲಿ ದೋಣಿಗಳ ಸಂಖ್ಯೆ ಸುಮಾರು ಒಂದು ದಶಕದಲ್ಲಿ ದುಪ್ಪಟ್ಟಾಯಿತು. ಬಾತ್ ಮತ್ತು ಬ್ರ್ಯಾಡ್‌ಫರ್ಡ್-ಆನ್-ಏವನ್ ನಡುವೆಯೂ ಇದೇ ಕಥೆ. ಹೊರಗಿನಿಂದ ಬಂದ ವಿಹಾರದ ದೋಣಿಗೆ ರಾಜಧಾನಿಯಲ್ಲಿ ಒಂದು ರಾತ್ರಿ ತಂಗಲು ಜಾಗ ಸಿಗದ ಕಾರಣ ಟ್ರಸ್ಟ್ ಅಲ್ಲಿ ಮುಂಗಡ ಕಾಯ್ದಿರಿಸುವ ನಿಲುಗಡೆಗಳನ್ನು ತೆರೆಯಬೇಕಾಯಿತು. ಸೌದೆ ಒಲೆಯ ಹೊಗೆ, ಎಂಜಿನ್ನಿನ ಸದ್ದು ಎಂದು ದಂಡೆಯ ಮನೆಗಳವರು ದೂರುತ್ತಾರೆ. ಆ ಮನೆಗಳಲ್ಲಿ ಎಷ್ಟೋ ‘ಕಾಲುವೆಯ ನೋಟ’ ಎಂಬ ಹೆಸರಿನಲ್ಲೇ ಹೆಚ್ಚಿನ ಬೆಲೆಗೆ ಮಾರಾಟವಾದವು. ನೋಟ ಬೇಕು, ದೋಣಿ ಬೇಡವೆಂದರೆ ಹೇಗೆ?

ಹಾಗೆಂದು ನಿಂತಲ್ಲೇ ನಿಂತು, ಎರಡು ವಾರಕ್ಕೊಮ್ಮೆ ಎರಡು ಸೇತುವೆ ದಾಟಿ ಮತ್ತೆ ಹಿಂದಿರುಗುವುದನ್ನು ಸಂಚಾರವೆಂದು ಕರೆಯಲು ನಾವು ಸಿದ್ಧರಿಲ್ಲ. ಅದು ಕಾಯ್ದೆಯ ಅಕ್ಷರವನ್ನು ಹಿಡಿದು ಆಶಯವನ್ನು ಬಿಡುವ ಜಾಣತನ. ಆದರೆ ತಪ್ಪಿನ ಮೂಲ ಲಂಡನ್ನಿನ ವಸತಿ ಬಿಕ್ಕಟ್ಟಿನಲ್ಲಿದೆ, ದೋಣಿಯಿಂದ ಎಬ್ಬಿಸಿದವರಿಗೆ ದಡದಲ್ಲಿ ಮನೆ ಕಾದಿಲ್ಲ. ಇನ್ನೊಂದು ಮಾತು: ಚಳಿಗಾಲದಲ್ಲಿ ಬಾಡಿಗೆ ದೋಣಿಗಳು ಬೀಗ ಹಾಕಿಕೊಂಡಾಗ ಜಾಲದ ಮೂಲೆಗಳಲ್ಲಿ ಓಡಾಡುವವರು, ಮುರಿದ ಗೇಟು, ಕುಸಿದ ದಂಡೆ ಕಂಡರೆ ಟ್ರಸ್ಟಿಗೆ ಮೊದಲು ತಿಳಿಸುವವರು ಈ ಅಲೆಮಾರಿ ದೋಣಿಗರೇ.

ಸಂಖ್ಯೆಯ ಮಿತಿಗೆ ಬದಲಾಗಿ ಟ್ರಸ್ಟ್ ಹಿಡಿದಿರುವುದು ಬೆಲೆಯ ದಾರಿ. 2012ರಲ್ಲಿ ಸರ್ಕಾರಿ ಸಂಸ್ಥೆಯಾದ ಬ್ರಿಟಿಷ್ ವಾಟರ್‌ವೇಸ್‌ನಿಂದ ಹೊಣೆ ವಹಿಸಿಕೊಂಡ ಈ ದತ್ತಿಸಂಸ್ಥೆಗೆ ಸರ್ಕಾರ 2027ರಿಂದ ಹತ್ತು ವರ್ಷಕ್ಕೆ ಸುಮಾರು 40 ಕೋಟಿ ಪೌಂಡ್ ಅನುದಾನ ಕೊಡುವುದಾಗಿ 2023ರಲ್ಲಿ ಪ್ರಕಟಿಸಿತು. ವರ್ಷದಿಂದ ವರ್ಷಕ್ಕೆ ಇಳಿಯುವ ಈ ಮೊತ್ತ ನೈಜ ಮೌಲ್ಯದಲ್ಲಿ ಭಾರಿ ಕಡಿತವೆಂದು ಟ್ರಸ್ಟ್ ಪ್ರತಿಭಟಿಸಿತು. 2024ರ ಏಪ್ರಿಲ್‌ನಿಂದ ಖಾಯಂ ನಿಲುಗಡೆಯಿಲ್ಲದ ದೋಣಿಗಳ ಪರವಾನಗಿಗೆ ಹೆಚ್ಚುವರಿ ಶುಲ್ಕ ಬಿತ್ತು, ಅಗಲ ದೋಣಿಗಳ ಶುಲ್ಕವೂ ಏರಿತು. ನ್ಯಾಷನಲ್ ಬಾರ್ಜೀ ಟ್ರಾವೆಲರ್ಸ್ ಅಸೋಸಿಯೇಷನ್ ಎಂಬ ದೋಣಿವಾಸಿಗಳ ಸಂಘ ಇದನ್ನು ತೀವ್ರವಾಗಿ ವಿರೋಧಿಸಿದೆ. ನಮ್ಮ ಆಕ್ಷೇಪ ಬೇರೆ: ಈ ಶುಲ್ಕ ವರ್ಷಕ್ಕೆ ನೂರಾರು ಮೈಲಿ ಸುತ್ತುವವನಿಗೂ ಎರಡು ಸೇತುವೆಗಳ ನಡುವೆ ತೂಗಾಡುವವನಿಗೂ ಒಂದೇ. ನಮ್ಮ ದೃಷ್ಟಿಯಲ್ಲಿ ಹೊರೆ ಬೀಳಬೇಕಾದ್ದು ಜನರು ಮುಗಿಬೀಳುವ ಕಡೆಯ ನಿಲುಗಡೆಯ ಮೇಲೆ, ಸಂಚಾರದ ಮೇಲಲ್ಲ.

ಮಿತಿ ಹಾಕುವ ವಾದಕ್ಕೆ ಬಲ ಕೊಡುವ ಒಂದು ಸಂಗತಿ ಮಾತ್ರ ಇದೆ, ಅದು ನೀರು. ಒಂದು ದೋಣಿ ಕಿರಿದಾದ ಒಂದು ಲಾಕನ್ನು ದಾಟಿದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಮೇಲಿನಿಂದ ಕೆಳಗಿಳಿಯುತ್ತದೆ. ಆ ನೀರು ಬರಬೇಕಾದ್ದು ಸರಕಿನ ಕಾಲದಲ್ಲಿ ಕಟ್ಟಿದ ಜಲಾಶಯಗಳಿಂದ. 2010ರಲ್ಲಿ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ದೊಡ್ಡ ಭಾಗ ನೀರಿಲ್ಲದೆ ಮುಚ್ಚಿತು, 2022ರಲ್ಲೂ 2025ರಲ್ಲೂ ಬರಗಾಲ ಹಲವು ಕಾಲುವೆಗಳ ಸಂಚಾರವನ್ನು ಬೇಸಿಗೆಯ ನಡುವೆಯೇ ನಿಲ್ಲಿಸಿತು. 2019ರಲ್ಲಿ ಟಾಡ್‌ಬ್ರೂಕ್ ಜಲಾಶಯದ ಕೋಡಿ ಕುಸಿದು ವೇಲಿ ಬ್ರಿಜ್ ಊರಿನ ಸುಮಾರು 1,500 ಜನರನ್ನು ಸ್ಥಳಾಂತರಿಸಬೇಕಾಯಿತು. ದುರಸ್ತಿಗಾಗಿ ಖಾಲಿ ಮಾಡಿದ ಇಂಥ ಜಲಾಶಯವೂ ಕಾಲುವೆಗೆ ಒದಗದು. ಇಲ್ಲೂ ವೈಚಿತ್ರ್ಯ ನೋಡಿ: ನೀರು ಖರ್ಚು ಮಾಡುವುದು ಸಾಗುವ ದೋಣಿ, ನೀವೂ ನಾವೂ ಮೆಚ್ಚುವ ದೋಣಿ. ಒಂದೇ ಲಾಕನ್ನು ಏರುವ ದೋಣಿ, ಇಳಿಯುವ ದೋಣಿ ಸರದಿಯಂತೆ ಬಳಸಿದರೆ ನೀರು ಉಳಿಯುತ್ತದೆ ಎಂಬುದು ಹಳಬರಿಗೆಲ್ಲ ಗೊತ್ತು. ಆತುರದ ಹೊಸಬರಿಗೆ ಅದನ್ನು ಸ್ವಯಂಸೇವಕ ಲಾಕ್ ಕಾವಲುಗಾರರು ಕಲಿಸಬೇಕಾಗಿದೆ.

ದಟ್ಟಣೆಯ ಬಗ್ಗೆ ಮಾತಾಡುವಾಗ ನಿರ್ಜನತೆಯ ಬಗ್ಗೆಯೂ ಹೇಳಬೇಕು. ತಮ್ಮಲ್ಲಿ ವೆನಿಸ್ಸಿಗಿಂತ ಹೆಚ್ಚು ಕಾಲುವೆಯಿದೆ ಎಂದು ಬರ್ಮಿಂಗ್‌ಹ್ಯಾಮ್‌ನವರು ಕೊಚ್ಚಿಕೊಳ್ಳುತ್ತಾರೆ. ಆ ನಗರದ ನಡುವಿನ ದೋಣಿತಂಗುದಾಣವಾದ ಗ್ಯಾಸ್ ಸ್ಟ್ರೀಟ್ ಬೇಸಿನ್‌ನಲ್ಲಿ ಬೇಸಿಗೆಯ ಸಂಜೆ ಜಾಗ ಸಿಗದು, ಆದರೆ ಅಲ್ಲಿಂದ ಕೆಲವೇ ಗಂಟೆಗಳ ದೂರದ ವಾಲ್ಸಾಲ್ ಕಡೆಗೆ, ವರ್ಲಿ–ಎಸಿಂಗ್ಟನ್ ಕಾಲುವೆಗೆ ತಿರುಗಿದರೆ ದಿನವಿಡೀ ಎದುರು ದೋಣಿ ಕಾಣದಿರಬಹುದು. ಅಲ್ಲಿ ಜೊಂಡು, ಪ್ಲಾಸ್ಟಿಕ್ ಚೀಲ ಪ್ರೊಪೆಲ್ಲರಿಗೆ ಸುತ್ತಿಕೊಳ್ಳಲು ಕಾರಣ ಓಡಾಟದ ಕೊರತೆಯೇ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನಮ್ಮ ಉತ್ತರ: ಆಗಸ್ಟ್ ಬಿಡಿ, ಶಾಲೆಯ ರಜೆ ಅನಿವಾರ್ಯವಾದರೆ ಮೇ ಕೊನೆಯ ವಾರದ ರಜೆ ಆರಿಸಿಕೊಳ್ಳಿ, ಜಲಾಶಯಗಳಲ್ಲಿ ಆಗ ಸಾಮಾನ್ಯವಾಗಿ ನೀರೂ ಹೆಚ್ಚು. ಲ್ಯಾಂಗೊಲೆನ್ ಕಾಲುವೆಯ ಹೆಸರು ಎಲ್ಲರ ಬಾಯಲ್ಲಿದೆ. ಅಲ್ಲಿನ ಗ್ರಿಂಡ್ಲಿ ಬ್ರೂಕಿನಲ್ಲಿ ಒಂದಕ್ಕೊಂದು ಅಂಟಿದ ಮೂರು ಲಾಕುಗಳ ಬಳಿ ಫಾಕ್ಸ್‌ಟನ್ನಿನ ಅನುಭವವೇ ಮರುಕಳಿಸೀತು. ಮೊಮ್ಮಕ್ಕಳಿಗೆ ಗೇಟು ತಳ್ಳುವ ಹುಮ್ಮಸ್ಸಿದ್ದರೆ 20 ಮೈಲಿಯಲ್ಲಿ 74 ಲಾಕುಗಳಿರುವ ಹಡರ್ಸ್‌ಫೀಲ್ಡ್ ನ್ಯಾರೋ ಕಾಲುವೆಯನ್ನು ಯೋಚಿಸಿ. ಅಲ್ಲಿನ ಐದು ಕಿಲೋಮೀಟರಿಗೂ ಉದ್ದದ ಸ್ಟ್ಯಾಂಡೆಜ್ ಸುರಂಗಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು, ಬಾಡಿಗೆ ಸಂಸ್ಥೆ ಒಪ್ಪುತ್ತದೆಯೇ ಎಂದೂ ಕೇಳಿಕೊಳ್ಳಬೇಕು. ಮುಂಗಡ ಕಟ್ಟುವ ಮುನ್ನ, ನೀರು ಸಾಲದೆ ದಾರಿ ಮುಚ್ಚಿದರೆ ಹಣ ಮರಳಿಸುವರೋ, ಬೇರೆ ದಾರಿ ತೋರಿಸುವರೋ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಹೊರಡುವ ವಾರ ಟ್ರಸ್ಟಿನ ಸಂಚಾರ ನಿಲುಗಡೆಯ ಪ್ರಕಟಣೆಗಳನ್ನು ತಪ್ಪದೆ ನೋಡಿ.

— ಸಂಪಾದಕ