ಮನೆಗೇ ಬರುವ ಮಾನಸಿಕ ಆರೋಗ್ಯ ತಂಡ ನಿಜಕ್ಕೂ ಏನು ಮಾಡುತ್ತದೆ? ಮಾತ್ರೆ ಕೊಟ್ಟು ಹೋಗುವುದಷ್ಟೇನಾ?

ಅಲ್ಲ, ಮಾತ್ರೆ ಕೆಲಸದ ಒಂದು ಭಾಗ ಅಷ್ಟೇ. ಸ್ಕಿಜೋಫ್ರೇನಿಯಾದಂಥ (ಇಲ್ಲದ ದನಿ ಕೇಳಿಸುವುದು, ಇಲ್ಲದ್ದನ್ನು ನಿಜವೆಂದು ನಂಬುವುದು ಇದರ ಲಕ್ಷಣ) ತೀವ್ರ ಮಾನಸಿಕ ಕಾಯಿಲೆ ಇರುವ ಹಲವರು ಆಸ್ಪತ್ರೆಯ ಕಡೆ ತಲೆಹಾಕುವುದೇ ಇಲ್ಲ. ಅದು ಹಟವಲ್ಲ, ತನಗೇನೂ ಆಗಿಲ್ಲ ಅನ್ನಿಸುವುದು ಎಷ್ಟೋ ಸಲ ಕಾಯಿಲೆಯದೇ ಲಕ್ಷಣ. ಅದಕ್ಕೇ ತಂಡ ಅವರಿದ್ದಲ್ಲಿಗೆ ಹೋಗುತ್ತದೆ.

ಇದರ ಪ್ರಸಿದ್ಧ ಮಾದರಿ ಶುರುವಾಗಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ವಾರ್ಡಿನಲ್ಲಿ ಚೇತರಿಸಿಕೊಂಡವರು ಮನೆಗೆ ಹೋದ ಮೇಲೆ ಮತ್ತೆ ಕುಸಿಯುವುದನ್ನು ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮತ್ತು ಅರ್ನಾಲ್ಡ್ ಮಾರ್ಕ್ಸ್ ಗಮನಿಸಿದರು. ಅಡುಗೆ, ಬಸ್ ಪ್ರಯಾಣ, ದುಡ್ಡಿನ ಲೆಕ್ಕವನ್ನು ಬದುಕುವ ಜಾಗದಲ್ಲೇ ಕಲಿಸಬೇಕು ಎಂದು ಸಿಬ್ಬಂದಿಯನ್ನೇ ಹೊರಗೆ ಕಳಿಸಿದರು. ಈ ಮಾದರಿಯ ತಂಡದಲ್ಲಿ ಮನೋವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು ಇರುತ್ತಾರೆ. ಒಬ್ಬ ಸಿಬ್ಬಂದಿಗೆ ಸುಮಾರು 10 ರೋಗಿಗಳು, ತುರ್ತಿಗೆ 24 ಗಂಟೆಯೂ ಲಭ್ಯ.

ಮೊದಲ ಭೇಟಿಯಲ್ಲಿ ಬಾಗಿಲೇ ತೆರೆಯದಿರಬಹುದು. ಆಗ ನರ್ಸ್ ಹೊರಗೆ ನಿಂತೇ ತಮ್ಮ ಹೆಸರು ಹೇಳಿ, 'ಗುರುವಾರ ಹತ್ತು ಗಂಟೆಗೆ ಮತ್ತೆ ಬರ್ತೀನಿ' ಅಂದು, ಗುರುವಾರ ಹತ್ತಕ್ಕೇ ಬರಬೇಕು. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಇದೇ. ಒಳಗೆ ಹೋದಾಗ ಹಗಲಲ್ಲೂ ಎಳೆದಿಟ್ಟ ಪರದೆ, ಒಂದೂ ಮಾತ್ರೆ ಖಾಲಿಯಾಗದ ಸ್ಟ್ರಿಪ್, ನಿದ್ದೆಗೆಟ್ಟ ತಾಯಿಯ ಮುಖ ಕಾಣುತ್ತದೆ. ಕ್ಲಿನಿಕ್‌ನ ಹತ್ತು ನಿಮಿಷದಲ್ಲಿ ಇದ್ಯಾವುದೂ ತಿಳಿಯುವುದಿಲ್ಲ.

ಜೀವಕ್ಕೇ ಅಪಾಯವಿದ್ದರೆ ಮಾತ್ರ ಆಸ್ಪತ್ರೆಯೇ ಬೇಕಾಗಬಹುದು. ಸೌಮ್ಯ ಖಿನ್ನತೆಗೆ ಸಾಮಾನ್ಯವಾಗಿ ಇಷ್ಟು ದೊಡ್ಡ ತಂಡ ಬೇಕಿಲ್ಲ.