ಈರುಳ್ಳಿ ಸೂಪಿಗೆ ಬಣ್ಣ ಬರುತ್ತಿಲ್ಲವೇ?

ಪ್ರಶ್ನೆ: ಫ್ರೆಂಚ್ ಈರುಳ್ಳಿ ಸೂಪ್ ಮಾಡಿದರೆ ಪೇಲವವಾಗಿ ಬರುತ್ತದೆ. ಉರಿ ಜಾಸ್ತಿ ಮಾಡಿದರೆ ಕಹಿ. ಮೇಲಿನ ಬ್ರೆಡ್ ಮುದ್ದೆಯಾಗುತ್ತದೆ. ಏನು ಮಾಡಲಿ?

ಉತ್ತರ: ಈರುಳ್ಳಿಯಲ್ಲಿ ಬಹುಪಾಲು ನೀರೇ. ಅದು ಆರುವವರೆಗೆ ಈರುಳ್ಳಿಯ ಶಾಖ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಬಣ್ಣವೂ ಬರುವುದಿಲ್ಲ. ಉರಿ ಏರಿಸಿದರೆ ಅಂಚು ಸೀದು ಕಹಿಯಾಗುತ್ತದೆ, ಒಳಗೆ ಮಾತ್ರ ಹಸಿ.

ನಾಲ್ಕು ಜನಕ್ಕೆ 1 ಕೆ.ಜಿ. ಈರುಳ್ಳಿಯನ್ನು ಉದ್ದಕ್ಕೆ ಹೆಚ್ಚಿ. ಅಗಲವಾದ ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ, ಅರ್ಧ ಚಮಚ ಉಪ್ಪು ಹಾಕಿ 15 ನಿಮಿಷ ಮುಚ್ಚಿ ಬಾಡಿಸಿ. ಆಮೇಲೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ 45ರಿಂದ 60 ನಿಮಿಷ. ಇದಕ್ಕೆ ಅಡ್ಡದಾರಿಯಿಲ್ಲ, ಸೋಡಾ ಹಾಕಿದರೆ ಬಣ್ಣ ಬೇಗ ಬಂದರೂ ಈರುಳ್ಳಿ ಕರಗಿ ಲೋಳೆಯಾಗುತ್ತದೆ. ತಳಕ್ಕೆ ಕಂದು ಪದರ ಹಿಡಿದಾಗಲೆಲ್ಲ ಎರಡು ಚಮಚ ನೀರು ಚಿಮುಕಿಸಿ ಕೆರೆಯಿರಿ. ರುಚಿಯೆಲ್ಲ ಅಲ್ಲೇ ಇರುವುದು. ಬೆಲ್ಲದ ಪಾಕದ ಬಣ್ಣ ಬಂದಮೇಲೆ ಒಂದು ಚಮಚ ಮೈದಾ ಹುರಿದು, 150 ಮಿ.ಲೀ. ಬಿಳಿ ವೈನ್ ಇಂಗಿಸಿ, ಒಂದೂಕಾಲು ಲೀಟರ್ ಸ್ಟಾಕ್ (ಮೂಳೆ ಅಥವಾ ತರಕಾರಿ ಬೇಯಿಸಿ ಸೋಸಿದ ರಸ) ಸುರಿದು ಅರ್ಧ ಗಂಟೆ ಕುದಿಸಿ. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ದನದ ಮೂಳೆಯ ಸ್ಟಾಕ್. ಸಸ್ಯಾಹಾರಿಗಳಿಗೆ ಒಣ ಅಣಬೆಯದು ಚೆನ್ನ.

ಬ್ಯಾಗೆಟ್ ಬ್ರೆಡ್ಡನ್ನು 2 ಸೆಂ.ಮೀ. ದಪ್ಪಕ್ಕೆ ಕೊಯ್ದು, 160 ಡಿಗ್ರಿ ಓವನ್ನಿನಲ್ಲಿ ರಸ್ಕಿನಂತೆ ಪೂರ್ತಿ ಒಣಗಿಸಿ. ಬರೀ ಟೋಸ್ಟ್ ಮಾಡಿದರೆ ಒಳಗಿನ ತೇವ ಉಳಿದು ಬೇಗ ಮುದ್ದೆಯಾಗುತ್ತದೆ. ಬಡಿಸುವ ಹೊತ್ತಿಗಷ್ಟೇ ಬಿಸಿ ಸೂಪಿನ ಮೇಲಿಟ್ಟು, ತುರಿದ ಗ್ರೂಯೆರ್ ಚೀಸ್ ಹರಡಿ, ಗ್ರಿಲ್ಲಿನಡಿ ಚೀಸ್ ಗುಳ್ಳೆಯೆದ್ದು ಅಲ್ಲಲ್ಲಿ ಕಂದಾಗುವವರೆಗೆ ಇಡಿ. ಬಟ್ಟಲು ಓವನ್ ತಾಳುವಂಥದ್ದಿರಲಿ.